ಮಕ್ಕಳ ಪದ್ಯಗಳಲ್ಲಿ ವೃಕ್ಷವರ್ಣನೆ

ವನಮಹೋತ್ಸವದ ಸಂದರ್ಭದಲ್ಲಿ ಶಾಲೆಯ ಮಕ್ಕಳಿಂದ ಮರವನ್ನು ಕುರಿತು ಪದ್ಯ ಬರೆಯಿಸುವುದು ಒಳ್ಳೆಯ ವಾಡಿಕೆಯೇ ಸರಿ. ಆದರೆ ಆ ಪದ್ಯಗಳನ್ನು ಒಟ್ಟಿಗೆ ಓದಿದವರಿಗೆ ಅವೆಲ್ಲವೂ ಒಂದೇ ಕೈಯವೋ ಎಂಬ ಸಂದೇಹ ಬಾರದಿರದು. ಮರವು ನೆರಳನ್ನು ಕೊಡುತ್ತದೆ, ಹಣ್ಣನ್ನು ಕೊಡುತ್ತದೆ, ಮಳೆಯನ್ನು ತರುತ್ತದೆ; ಆದುದರಿಂದ ಅದನ್ನು ಕಡಿಯಲಾಗದು. ಈ ಮರ ಯಾವುದು, ಎಲ್ಲಿಯದು ಎಂಬುದಕ್ಕೆ ಪದ್ಯದಲ್ಲಿ ಉತ್ತರವಿಲ್ಲ.

ಈ ದೋಷವನ್ನು ಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ಒಂದು ಕಾರಣವು ಭಾಷೆಯಲ್ಲಿಯೇ ಇದೆ. ಕನ್ನಡ ವಾಕ್ಯವು ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ, ಉಪಾಧ್ಯಾಯರು ಅಂತ್ಯಪ್ರಾಸವನ್ನು ಬೇಡಿದ ಕೂಡಲೆ ‘ನೀಡುವೆ’, ‘ಮಾಡುವೆ’, ‘ಕಾಪಾಡುವೆ’ ಎಂಬಿವು ತಾವಾಗಿ ಸಾಲುಗಟ್ಟಿ ಬರುತ್ತವೆ. ಮರವನ್ನು ‘ನೀನು’ ಎಂದು ಕರೆದು ಅದರ ಉಪಕಾರಗಳನ್ನು ಎಣಿಸುವುದಲ್ಲದೆ ಮಗುವಿಗೆ ಬೇರೆ ದಾರಿ ಉಳಿಯದು. ‘ಮರ’ಕ್ಕೆ ‘ವರ’ ದೊರೆತರಂತೂ ಅರ್ಥವನ್ನು ಪ್ರಾಸವೇ ನಿರ್ಣಯಿಸಿಬಿಡುತ್ತದೆ. ನಮ್ಮ ಪ್ರಾಚೀನ ಕವಿಗಳೂ ಇಂಥ ದೋಷಕ್ಕೆ ಹೊರತಲ್ಲ. ಅಷ್ಟಾದಶವರ್ಣನೆಗಳಲ್ಲಿ ಉದ್ಯಾನವೂ ಒಂದಾದುದರಿಂದ, ತಾವು ನೋಡದ ಅಶೋಕವನ್ನು ಸುಂದರಿಯ ಪಾದತಾಡನದಿಂದ ಅರಳಿಸಿದವರು ಉಂಟು. ಪಂಪನ ಮಾವು ಸಂಪಗೆಗಳು ಇಂದಿಗೂ ಬಾಡದಿರುವುದು ಅವು ಬನವಾಸಿಯವಾದುದರಿಂದ.

ಶಿಡ್ಲಘಟ್ಟ ಸೀಮೆಯ ಮೇಲೂರಿನಂಥ ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ರೇಷ್ಮೆಯ ನಾಡಾದ ಇಲ್ಲಿ ಮಗುವಿಗೆ ಅತಿಪರಿಚಿತವಾದುದು ಹಿಪ್ಪುನೇರಳೆ. ರೇಷ್ಮೆಹುಳುವಿಗೆ ಇದರ ಎಲೆಯೇ ಆಹಾರ. ಬಿಟ್ಟರೆ ದೊಡ್ಡ ಮರವಾಗಬಲ್ಲ ಈ ಜಾತಿಯನ್ನು ವರ್ಷಕ್ಕೆ ಹಲವು ಬಾರಿ ಕಟಾವು ಮಾಡುವುದರಿಂದ ಅದು ತೋಟದಲ್ಲಿ ಗಿಡವಾಗಿಯೇ ಉಳಿಯುತ್ತದೆ. ಕಡಿಯಬಾರದೆಂಬ ಉಪದೇಶಕ್ಕೆ ಇಲ್ಲಿ ಎಡೆಯೆಲ್ಲಿ? ಕಡಿದರೇ ಮನೆಗೆ ಅನ್ನ. ನಾಲ್ಕನೆಯ ಜ್ವರವೆದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಬಿದ್ದಂತೆ ಕೇಳಿಸುತ್ತದೆ. ಅದನ್ನು ಮಲಗಿದಲ್ಲಿಯೇ ಕೇಳಿದ ಮಗುವು ಪದ್ಯಕ್ಕೆ ಕುಳಿತಾಗ ಪಾಠದಲ್ಲಿನ ಆಲದ ನೆರಳನ್ನು ಹೊಗಳುತ್ತದೆ. ಹಿಪ್ಪುನೇರಳೆಯೂ ಪದ್ಯಕ್ಕೆ ತಕ್ಕುದೆಂದು ಅದಕ್ಕೆ ಯಾರೂ ಹೇಳಿಲ್ಲ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಿಸೆಯ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಆ ಮುದಿಮರಗಳ ಪಕ್ಕದಲ್ಲಿ ಮಕ್ಕಳನ್ನು ಒಂದು ಮಧ್ಯಾಹ್ನ ಕೂರಿಸಿದರೆ, ತರಗತಿಯ ಹತ್ತು ಪಾಠಗಳಿಗಿಂತ ಹೆಚ್ಚು ಲಾಭವಾದೀತೆಂದು ನನ್ನ ಮತ.

ಪ್ರಾಸವಿಲ್ಲದೆ ಪದ್ಯವೆಂತು ಎಂದು ಕೆಲವರು ಕೇಳಬಹುದು. ಮೂರು ನಾಲ್ಕು ಮಾತ್ರೆಗಳ ನಡೆಯು ಆಟದ ಹಾಡುಗಳಿಂದಲೇ ಮಕ್ಕಳ ನಾಲಗೆಯಲ್ಲಿ ನೆಲೆಸಿರುತ್ತದೆ. ಅದನ್ನು ನಾವು ಕಲಿಸಬೇಕಾಗಿಲ್ಲ. ಉಪಾಧ್ಯಾಯರು ಮೊದಲು ಕೇಳಬೇಕಾದುದು ಮರದ ಹೆಸರನ್ನು, ಅದಿರುವ ಜಾಗವನ್ನು, ಆ ದಿನ ಮಗುವು ಅದರಲ್ಲಿ ಕಂಡುದನ್ನು. ಅಂತ್ಯಪ್ರಾಸವು ಆಮೇಲೆ ಬಂದರೆ ಬರಲಿ.