ಕುಲುಕು, ಕಲಕು, ಮಥನ: ಒಂದು ಪದೌಚಿತ್ಯವಿಚಾರ

ಸೂಕ್ಷ್ಮಜೀವಿಗಳನ್ನು ಬೆಳೆಸುವ ಕುಪ್ಪಿಗಳನ್ನು ಯಂತ್ರಪೀಠದ ಮೇಲಿರಿಸಿ ಅಲುಗಿಸುವ ಕ್ರಿಯೆಯನ್ನು 'ಮಥನ'ವೆಂದು ಕನ್ನಡಿಸುವುದು ಸುಲಭ, ಯುಕ್ತವಲ್ಲ. ಮಥನಕ್ಕೆ ಮಂಥಾನವು ಬೇಕು. ಅಲ್ಲಿ ಪಾತ್ರೆ ನಿಶ್ಚಲ, ಒಳಗಿನ ಕಡೆಗೋಲು ತಿರುಗುವುದು. ಇಲ್ಲಿಯಾದರೋ ಕೋಲೇ ಇಲ್ಲ, ಪಾತ್ರೆಯೇ ಚಲಿಸುವುದು. ಅದೂ ಬುಗುರಿಯಂತೆ ತನ್ನ ಅಕ್ಷದಲ್ಲಿ ತಿರುಗದೆ, ಮುಖವನ್ನು ಒಂದೇ ದಿಕ್ಕಿಗಿಟ್ಟು ಕಿರುವೃತ್ತದಲ್ಲಿ ಸುತ್ತುವುದು. ಆದಕಾರಣ 'ಭ್ರಮಣ'ವೂ ಸಲ್ಲದು.

ಇದು ಬರಿಯ ಶಬ್ದಕಲಹವಲ್ಲ. ಏರ್ಲೆನ್‌ಮೆಯರನು 1860ರಲ್ಲಿ ವರ್ಣಿಸಿದ ಶಂಕ್ವಾಕಾರದ ಕುಪ್ಪಿಯನ್ನು ಹೀಗೆ ಸುತ್ತಿಸಿದಾಗ ದ್ರವವು ಬಾಲಚಂದ್ರನಂತೆ ಒಂದು ಪಕ್ಕಕ್ಕೆ ಒತ್ತಿ, ಗೋಡೆಯನ್ನು ಬಳಸಿ ಓಡುವುದು. ಅದು ಹಾದುಹೋದೆಡೆ ಗಾಜಿನ ಮೇಲೆ ತೆಳುವಾದ ಪೊರೆಯುಳಿದು ಆಮ್ಲಜನಕವನ್ನು ಹೀರುವುದು. ಜೀವಿಗಳ ಉಸಿರಿನ ಗಣ್ಯವಾದ ಪಾಲು ಈ ಪೊರೆಯದೇ. ಕುಪ್ಪಿಯ ಹತ್ತರಲ್ಲೊಂದೆರಡು ಪಾಲನ್ನು ಮಾತ್ರ ತುಂಬುವ ವಾಡಿಕೆಗೂ ಉಸಿರಿನ ಈ ಅಗತ್ಯವೇ ಕಾರಣ.

ಕಡೆಗೋಲು ತಿರುಗಿದರೆ ಮೊಸರು ಕದಡಲೇಬೇಕು. 'ಮಥನ'ವೆಂದು ಕಲಿತ ವಿದ್ಯಾರ್ಥಿಯು ಪೀಠವು ಓಡಿದ ಮಾತ್ರಕ್ಕೆ ದ್ರವವೂ ಬೆರೆಯಿತೆಂದು ನಂಬುವನು. ಆಖೆನ್ನಿನ ಬ್ಯೂಕ್ಸ್ ಮೊದಲಾದವರು 2000ದಲ್ಲಿ ತೋರಿಸಿದ್ದು ಬೇರೆ: ದ್ರವವು ಲೋಳೆಯಾಗಿ, ಸುತ್ತಿನ ವ್ಯಾಸವು ಕಿರಿದಾಗಿದ್ದರೆ, ದ್ರವದ ಬಹುಭಾಗವು ಪೀಠದ ಗತಿಯನ್ನನುಸರಿಸದೆ ತಳದಲ್ಲೇ ನಿಲ್ಲಬಹುದು. ಮಿಶ್ರಣವೂ ವಾಯುಗ್ರಹಣವೂ ಆಗ ಕುಗ್ಗುವುವು. ಯಂತ್ರವೋ, ಓಡುತ್ತಲೇ ಇರುವುದು!

ಈ ಭೇದವನ್ನು ಹೇಳಲು ದೇಶೀಯ ಪದಗಳೇ ಸಮರ್ಥವಾಗಿವೆ. ಕುಲುಕುವುದು ಕುಪ್ಪಿಯನ್ನು, ಕಲಕುವುದು ದ್ರವವನ್ನು. ಎರಡು ಕೊಂಬುಗಳ ಅಂತರ. ಮೇಲಣ ಸ್ಥಿತಿಯಲ್ಲಿ ಕುಪ್ಪಿ ಕುಲುಕಿದೆ, ದ್ರವ ಕಲಕಿಲ್ಲ. 'ತುಳುಕು' ಮಾತ್ರ ಬೇಡ: ಹತ್ತಿಯ ಬಿರಡೆ ನೆನೆದರೆ ಗಾಳಿಯ ದಾರಿಯೇ ಕಟ್ಟುವುದು.