ಯೆಹೋವನೂ ಕಾನಾನಿನ ದೇವತೆಗಳೂ: 29ನೆಯ ಕೀರ್ತನೆಯ ವಿವೇಚನೆ

ಪ್ರಾಚೀನ ಇಸ್ರಾಯೇಲರ ದೇವರ ಕಲ್ಪನೆಯ ಮೇಲೆ ಕಾನಾನ್ಯರ ಪ್ರಭಾವವಿದೆಯೆಂಬ ಮಾತು ಬೈಬಲ್ ವಿದ್ವಾಂಸರಲ್ಲಿ ರೂಢವಾಗಿದೆ. ಆದರೆ 'ಪ್ರಭಾವ'ವೆಂಬ ಶಬ್ದವೇ ಪರೀಕ್ಷಾರ್ಹವಾದುದು. ಹಾಗೆಂದೊಡನೆ, ಮೊದಲೇ ಪರಿಪೂರ್ಣವಾಗಿದ್ದ ಮತವೊಂದಕ್ಕೆ ಹೊರಗಿನ ಬಣ್ಣ ತಗುಲಿತೆಂಬ ಭಾವನೆ ಮೂಡುತ್ತದೆ. ವಸ್ತುಸ್ಥಿತಿ ಹಾಗಿದೆಯೆ? ಬೈಬಲಿನ 29ನೆಯ ಕೀರ್ತನೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸಬಹುದು.

1928ರಲ್ಲಿ ಸಿರಿಯಾದ ಕಡಲತೀರದಲ್ಲಿ ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಪುರಾತನ ಸಮಾಧಿಯೊಂದು ಗೋಚರವಾಯಿತು. ಮರುವರ್ಷ ಫ್ರೆಂಚ್ ಪುರಾತತ್ತ್ವಜ್ಞ ಕ್ಲೋಡ್ ಶೇಫರರು ಸಮೀಪದ ರಾಸ್ ಶಮ್ರಾ ದಿಬ್ಬವನ್ನು ಅಗೆಸತೊಡಗಿದರು. ಕ್ರಿ. ಪೂ. 12ನೆಯ ಶತಮಾನದ ಆದಿಭಾಗದಲ್ಲಿ ನಾಶವಾದ ಉಗಾರಿತ್ ನಗರವೂ ಅದರ ಮಣ್ಣಿನ ಫಲಕಗಳೂ ಬೆಳಕಿಗೆ ಬಂದುವು. ಆ ನಗರವು ಕಾನಾನಿನ ಉತ್ತರಕ್ಕಿದ್ದರೂ ಅದರ ಭಾಷೆ, ಪುರಾಣಗಳು ಕಾನಾನ್ಯರವಕ್ಕೆ ನಿಕಟಬಂಧುಗಳು. ಅಲ್ಲಿ ಎಲ್ ಎಂಬವನು ದೇವಸಭೆಯ ಅಧಿಪತಿ. ವೃದ್ಧ, ವಿವೇಕಿ, ಕರುಣಾಳು. ಬಾಳನಾದರೋ ಮೇಘಾರೂಢನಾದ ಮಳೆಗುಡುಗಿನ ದೇವತೆ. ಸಮುದ್ರರೂಪಿಯಾದ ಯಾಮನನ್ನು ಗೆದ್ದ ವೀರ.

ಈಗ ಕೀರ್ತನೆಯನ್ನು ನೋಡೋಣ. ಅದು ದೇವಪುತ್ರರನ್ನು ಸಂಬೋಧಿಸಿ ಆರಂಭವಾಗುತ್ತದೆ. ಅದರ ಹನ್ನೊಂದು ವಚನಗಳಲ್ಲಿ ಮೂಲ ಹೀಬ್ರೂವಿನಲ್ಲಿ ಯೆಹೋವನ ಹೆಸರು ಹದಿನೆಂಟು ಸಲವೂ ಅವನ ಧ್ವನಿಯ ಮಾತು ಏಳು ಸಲವೂ ಬರುತ್ತವೆ. ಆ ಧ್ವನಿ ಜಲರಾಶಿಯ ಮೇಲೆ ಗುಡುಗುತ್ತದೆ, ಲೆಬನೋನಿನ ದೇವದಾರುಗಳನ್ನು ಮುರಿಯುತ್ತದೆ. ಇದು ಮೂಲತಃ ಬಾಳನ ಸ್ತೋತ್ರವಾಗಿದ್ದಿರಬೇಕೆಂದು 1935ರಲ್ಲಿ ಎಚ್. ಎಲ್. ಗಿನ್ಸ್‌ಬರ್ಗ್ ಸೂಚಿಸಿದರು. ಚಿತ್ರಸಾಮಗ್ರಿಯ ಮಟ್ಟಿಗೆ ಈ ಸೂಚನೆ ಬಲವಾದುದೇ. ಆದರೆ ಇದರಿಂದ, ಹೆಸರೊಂದನ್ನು ಬದಲಿಸಿದ್ದಲ್ಲದೆ ಇಸ್ರಾಯೇಲಿನ ಕವಿ ಮತ್ತೇನನ್ನೂ ಮಾಡಲಿಲ್ಲವೆಂದು ತೀರ್ಮಾನಿಸುವುದು ಅವಿಚಾರ. ಉಗಾರಿತಿನ ಕಥೆಯಲ್ಲಿ ಬಾಳನಿಗೆ ಆಯುಧಗಳನ್ನು ದೇವಶಿಲ್ಪಿ ಕೋಥರನು ಮಾಡಿಕೊಡಬೇಕು. ಅರಮನೆ ಕಟ್ಟಲು ಎಲ್‌ನ ಅಪ್ಪಣೆ ದೊರೆಯಬೇಕು. ಕೀರ್ತನೆಯಲ್ಲಿ ಆಯುಧವೂ ಇಲ್ಲ, ಪ್ರತಿಸ್ಪರ್ಧಿಯೂ ಇಲ್ಲ; ಧ್ವನಿಯೊಂದೇ ಸಾಕು. ಅಷ್ಟು ಗುಡುಗಿದವನು ಕಡೆಯಲ್ಲಿ ತನ್ನ ಜನರಿಗೆ ಬಲವನ್ನೂ ಶಾಂತಿಯನ್ನೂ ನೀಡುವವನಾಗುತ್ತಾನೆ. ಕವಿಯ ಸ್ವಂತಿಕೆ ಇರುವುದು ಈ ತಿರುವಿನಲ್ಲಿ.

ಎಲ್‌ನ ವಿಷಯ ಇನ್ನೂ ಸ್ವಾರಸ್ಯವಾದುದು. ಬಾಳನನ್ನು ಪ್ರವಾದಿಗಳು ಬಹಳವಾಗಿ ಖಂಡಿಸಿದರು. ಎಲ್‌ನ ಮೇಲೆ ಬೈಬಲಿನಲ್ಲಿ ಅಂಥ ಖಂಡನೆಯಿಲ್ಲ. ಇಸ್ರಾಯೇಲ್ ಎಂಬ ಹೆಸರಿನಲ್ಲಿಯೇ ಅವನಿದ್ದಾನೆ. ವಿಮೋಚನಕಾಂಡದ ಆರನೆಯ ಅಧ್ಯಾಯವು ಪಿತೃಗಳಿಗೆ ಎಲ್ ಶದ್ದೈ ಎಂದು ಕಾಣಿಸಿಕೊಂಡವನೇ ಯೆಹೋವನೆಂದು ಸ್ಪಷ್ಟವಾಗಿ ಸಾರುತ್ತದೆ. ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದಲ್ಲಿ ಪರಾತ್ಪರನು ಜನಾಂಗಗಳನ್ನು ವಿಭಾಗಿಸಿದ ಪ್ರಸಂಗವಿದೆ. ಕುಮ್ರಾನಿನ ಹಸ್ತಪ್ರತಿಯಲ್ಲಿ ಆ ವಿಭಾಗ ದೇವಪುತ್ರರ ಸಂಖ್ಯೆಗನುಸಾರ. ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಇಸ್ರಾಯೇಲಿನ ಪುತ್ರರ ಸಂಖ್ಯೆಗನುಸಾರ. ದೇವಸಭೆಯ ನೆನಪು ಲಿಪಿಕಾರನಿಗೆ ಮುಜುಗರ ತಂದಿತೆಂದು ಊಹಿಸಿದರೆ ತಪ್ಪಾಗದು. ಸೌಲನ ಮಗ ಎಷ್ಬಾಳನ ಹೆಸರು ಸಮುವೇಲನ ಗ್ರಂಥದಲ್ಲಿ ಈಷ್ಬೋಶೆತ್ ಆಗಿರುವುದನ್ನೂ ಗಮನಿಸಬೇಕು. 'ಬೋಶೆತ್' ಎಂದರೆ ನಾಚಿಕೆ. ರಾಜಕುಮಾರನಿಗೆ ಆ ಹೆಸರಿಟ್ಟ ಕಾಲದಲ್ಲಿ ಅದು ನಾಚಿಕೆಯ ವಿಷಯವಾಗಿರಲಿಲ್ಲ.

ನಮ್ಮ ಕನ್ನಡ ಬೈಬಲನ್ನು ಓದುವವರಿಗೆ ಈ ಇತಿಹಾಸ ಸುಲಭವಾಗಿ ಕಾಣದು. ಎಲ್ ಎಂಬ ವಿಶೇಷನಾಮವು 'ದೇವರು' ಎಂಬ ಸಾಮಾನ್ಯ ಪದದಲ್ಲಿ ಲೀನವಾಗಿದೆ. ಇದು ಅನುವಾದಕರ ದೋಷವೆನ್ನಲಾಗದು. ಹೀಬ್ರೂವಿನಲ್ಲಿಯೇ ಆ ಹೆಸರು ಸಾಮಾನ್ಯ ಪದವೂ ಆಗಿತ್ತು.

ಆದ್ದರಿಂದ ಕಾನಾನ್ಯರಿಂದ ಇಸ್ರಾಯೇಲಿಗೆ ಬಂದುದನ್ನು ಸಾಲವೆನ್ನುವುದಕ್ಕಿಂತ ಪಿತ್ರಾರ್ಜಿತವೆನ್ನುವುದು ಮೇಲು. ಆ ಜನ ಅದರಲ್ಲಿ ಎಲ್‌ನನ್ನು ಉಳಿಸಿಕೊಂಡರು, ಬಾಳನ ಸಂಪತ್ತನ್ನು ತೆಗೆದುಕೊಂಡು ಅವನನ್ನು ಹೊರಗಟ್ಟಿದರು. ಮೂಲವನ್ನು ತೋರಿಸಿದರೆ ಮಹಿಮೆ ಕುಂದೀತೆಂದು ಭಕ್ತನು ಅಂಜುತ್ತಾನೆ. ಮೂಲವನ್ನು ತೋರಿಸಿದರೆ ಅರ್ಥ ಮುಗಿಯಿತೆಂದು ಸಂಶೋಧಕನು ಬೀಗುತ್ತಾನೆ. ಇಬ್ಬರೂ ಆ ಕೀರ್ತನೆಯ ಕಡೆಯ ವಚನವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.