ಇನ್ನೂರು ಗುಂಡಿನ ಪರೀಕ್ಷೆ ಸಾಲದು

ಅಮೆರಿಕದಲ್ಲಿ ಎಆರ್-15 ಮಾದರಿಯ ಹೊಸ ಸೆಮಿ-ಆಟೋಮ್ಯಾಟಿಕ್ ರೈಫಲ್ ಕೊಳ್ಳಲು ಹೊರಟವರ ಕಿವಿಗೆ ಎರಡು ಭರವಸೆಗಳು ಮತ್ತೆ ಮತ್ತೆ ಬೀಳುತ್ತವೆ. ಒಂದು, ಇದು ‘ಮಿಲ್-ಸ್ಪೆಕ್’, ಸೇನೆಯ ಮಾನದಂಡಕ್ಕೆ ಸರಿಯಾಗಿ ತಯಾರಾದದ್ದು ಎಂಬ ಅಂಗಡಿಯ ಮಾತು. ಇನ್ನೊಂದು, ಇನ್ನೂರು ಗುಂಡು ಹಾರಿಸಿ ನೋಡಿ, ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಆಮೇಲೆ ಚಿಂತೆ ಬೇಡ ಎಂಬ ಅನುಭವಿಗಳ ಸಲಹೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಕೊಳ್ಳುವವರು ಇವುಗಳ ಮೇಲೆ ಇಡುತ್ತಿರುವ ನಂಬಿಕೆಗೆ ಆ ಸತ್ಯ ಸಾಕಾಗುವುದಿಲ್ಲ. ರೈಫಲ್ ಒಂದರ ವಿಶ್ವಾಸಾರ್ಹತೆ ತೀರ್ಮಾನವಾಗುವುದು ಕಾರ್ಖಾನೆಯಲ್ಲಿ, ಅದರ ಬಿಡಿಭಾಗಗಳನ್ನು ಯಾರು, ಯಾವಾಗ, ಎಷ್ಟರಮಟ್ಟಿಗೆ ತಪಾಸಣೆ ಮಾಡಿದರು ಎಂಬುದರಲ್ಲಿ. ಆ ತಪಾಸಣೆಯ ದಾಖಲೆ ಕೊಳ್ಳುವವರ ಕೈಗೆ ಬಾರದಿರುವುದೇ ಅಲ್ಲಿನ ವ್ಯವಸ್ಥೆಯ ದೊಡ್ಡ ದೋಷವೆಂದು ನಾನು ಭಾವಿಸುತ್ತೇನೆ. ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ಇಂಥ ರೈಫಲ್ ಸಿಗುವುದು ಇಲ್ಲವೆನ್ನುವಷ್ಟು ಕಷ್ಟ. ಅಮೆರಿಕದಲ್ಲಾದರೆ ಗ್ರೀನ್ ಕಾರ್ಡ್ ಪಡೆದ ವಲಸಿಗರಿಗೂ ಅಲ್ಲಿನ ಫೆಡರಲ್ ಕಾನೂನು ಬಂದೂಕು ಕೊಳ್ಳಲು ಅವಕಾಶ ಕೊಡುತ್ತದೆ. ಹಾಗಾಗಿ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ತೀರ ದೂರದ ವಿಷಯವಲ್ಲ.

ಹಳೆಯ ತೋಟಾ ಕೋವಿಯಲ್ಲಿ ಖಾಲಿ ತೋಟಾ ತೆಗೆದು ಹೊಸದನ್ನು ತುಂಬುವುದು ಮನುಷ್ಯನ ಕೈ. ಸೆಮಿ-ಆಟೋಮ್ಯಾಟಿಕ್‌ನಲ್ಲಿ ಟ್ರಿಗರ್ ಎಳೆದ ಪ್ರತಿ ಸಲ ಒಂದೇ ಗುಂಡು ಹಾರುತ್ತದೆ, ಮಿಕ್ಕ ಕೆಲಸವೆಲ್ಲ ಯಂತ್ರದ್ದು. ಎಆರ್ ಮಾದರಿಯಲ್ಲಿ ನಳಿಗೆಗೆ ಕೊರೆದ ಒಂದು ಸಣ್ಣ ರಂಧ್ರದಿಂದ ಮದ್ದಿನ ಅನಿಲ ಕೊಳವೆಯ ಮೂಲಕ ಹಿಂದಕ್ಕೆ ಬಂದು ಬೋಲ್ಟನ್ನು ಹೊತ್ತ ಭಾಗವನ್ನು ತಳ್ಳುತ್ತದೆ. ಬೋಲ್ಟು ಬೀಗ ಬಿಚ್ಚಿ, ಖಾಲಿ ತೋಟಾವನ್ನು ಎಳೆದು ಹೊರಗೆಸೆದು, ಮ್ಯಾಗಜೀನಿನಿಂದ ಮುಂದಿನದನ್ನು ಚೇಂಬರಿಗೆ ನೂಕಿ ಮತ್ತೆ ಬೀಗ ಹಾಕಿಕೊಳ್ಳುತ್ತದೆ. ಆ ರಂಧ್ರ ತೀರ ಚಿಕ್ಕದಾದರೆ ಬೋಲ್ಟು ಪೂರ್ತಿ ಹಿಂದೆ ಹೋಗುವುದಿಲ್ಲ, ದೋಷ ಮೊದಲ ದಿನವೇ ಗೊತ್ತಾಗುತ್ತದೆ. ದೊಡ್ಡದಾದರೆ ಆಗುವುದೇ ಬೇರೆ. ಬೇಕಾದ್ದಕ್ಕಿಂತ ಹೆಚ್ಚು ಅನಿಲ ನುಗ್ಗಿ ಬೋಲ್ಟು ವಿಪರೀತ ವೇಗದಲ್ಲಿ ಚಲಿಸುತ್ತದೆ, ಅದರ ಹಲ್ಲುಗಳೂ ತೋಟಾ ಎಳೆಯುವ ಕೊಕ್ಕೆಯೂ ಬೇಗ ಸವೆಯುತ್ತವೆ. ಆದರೆ ಹೊಸದರಲ್ಲಿ ಆ ರೈಫಲ್ ಅಗ್ಗದ, ಕಡಿಮೆ ಶಕ್ತಿಯ ತೋಟಾಗಳನ್ನೂ ತಡೆಯಿಲ್ಲದೆ ಹಾರಿಸುತ್ತದೆ. ಅಗ್ಗದ ತೋಟಾ ಬಳಸುವ ಗಿರಾಕಿಯಿಂದ ದೂರು ಬಾರದಿರಲೆಂದು ರಂಧ್ರವನ್ನು ಬೇಕೆಂದೇ ದೊಡ್ಡದಾಗಿ ಕೊರೆಯುವ ತಯಾರಕರೂ ಇದ್ದಾರೆ. ಅಂದರೆ ಇನ್ನೂರು ಗುಂಡಿನ ಪರೀಕ್ಷೆಯಲ್ಲಿ ಆ ರೈಫಲನ್ನು ಪಾಸು ಮಾಡಿಸುವುದು ಅದರ ದೋಷವೇ! ಅನಿಲದ ಕೊಳವೆಗೆ ಜೋಡಿಸುವ ಕೀಲಿನ ಎರಡು ಸ್ಕ್ರೂಗಳ ಕತೆಯೂ ಇದೇ. ಅವು ಅಲುಗದಂತೆ ಸುತ್ತಲಿನ ಲೋಹವನ್ನು ಉಳಿಯಿಂದ ಒತ್ತಿ ಕೂರಿಸಬೇಕು. ಹಾಗೆ ಕೂರಿಸದಿದ್ದರೆ ಕಾವಿಗೂ ಅದುರಾಟಕ್ಕೂ ಸಿಕ್ಕಿ ಸಡಿಲವಾಗುತ್ತವೆ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ.

ಲೆಕ್ಕದ ದೃಷ್ಟಿಯಿಂದಲೂ ಈ ಪರೀಕ್ಷೆ ಬಲಹೀನ. ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ: ಒಂದು ಪ್ರಯೋಗವನ್ನು ಎಷ್ಟು ಸಲ ಮಾಡಿದರೂ ಒಮ್ಮೆಯೂ ವೈಫಲ್ಯ ಕಾಣದಿದ್ದರೆ, ಆ ಸಂಖ್ಯೆಯಿಂದ ಮೂರನ್ನು ಭಾಗಿಸಿ. ನಿಜವಾದ ವೈಫಲ್ಯದ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲವೆಂದು ಶೇ. 95ರ ಭರವಸೆಯಿಂದ ಹೇಳಬಹುದು, ಅದಕ್ಕಿಂತ ಮುಂದೆ ಹೋಗುವಂತಿಲ್ಲ. 200 ಗುಂಡು ನಿರ್ವಿಘ್ನವಾಗಿ ಹಾರಿದರೆ ಸಿಗುವ ಉತ್ತರ ಶೇ. 1.5. ನೂರು ಗುಂಡಿಗೆ ಒಮ್ಮೆ ಸಿಕ್ಕಿಕೊಳ್ಳುವ ಸ್ವಭಾವದ ರೈಫಲ್ ಕೂಡ ಈ ಪರೀಕ್ಷೆಯನ್ನು ಅದೃಷ್ಟದಿಂದ ದಾಟಿಬಿಡಬಹುದು. ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ವೈಫಲ್ಯವಿಲ್ಲ ಎನ್ನಲು ಸುಮಾರು 3000 ಗುಂಡು ಬೇಕು. ತೋಟಾವೊಂದಕ್ಕೆ ಅರ್ಧ ಡಾಲರ್ ಎಂದು ಹಿಡಿದರೂ 1500 ಡಾಲರ್ ಆಯಿತು. ಅನೇಕ ರೈಫಲ್‌ಗಳ ಬೆಲೆಯೇ ಅಷ್ಟಿರುವುದಿಲ್ಲ. ಮೇಲಾಗಿ ಪರೀಕ್ಷೆ ಮುಗಿಯುವ ಹೊತ್ತಿಗೆ ನಳಿಗೆಯ, ಬೋಲ್ಟಿನ ಆಯಸ್ಸು ಅಷ್ಟಷ್ಟು ಕಳೆದಿರುತ್ತದೆ. ಹಾಗೆಂದು ಇನ್ನೂರು ಗುಂಡು ಹಾರಿಸುವುದು ವ್ಯರ್ಥವಲ್ಲ. ಕೆಟ್ಟ ಮ್ಯಾಗಜೀನ್, ತಪ್ಪಾಗಿ ಜೋಡಿಸಿದ ಭಾಗ, ಒರಟಾಗಿ ಕೊರೆದ ಚೇಂಬರ್ ಇಂಥವು ಅಷ್ಟರಲ್ಲಿ ಸಿಕ್ಕಿಬೀಳುತ್ತವೆ. ಢಾಳಾದ ತಪ್ಪು ಹಿಡಿಯಲು ಇದು ಒಳ್ಳೆಯ ಜರಡಿ. ರೈಫಲ್ ದೀರ್ಘಕಾಲ ನಂಬಿಕೆಗೆ ಅರ್ಹವೇ ಎಂಬುದಕ್ಕೆ ಮಾತ್ರ ಇದು ಸಾಕ್ಷಿಯಲ್ಲ.

ಇನ್ನು ಮಿಲ್-ಸ್ಪೆಕ್. ಅಮೆರಿಕದ ಸೇನೆ ಇದೇ ಮಾದರಿಯ ತನ್ನ ಎಂ-16, ಎಂ-4 ರೈಫಲ್‌ಗಳಿಗೆ ವಿಧಿಸುವ ನಿಯಮಗಳಲ್ಲಿ ಅಳತೆಗಳು ಒಂದು ಪಾಲು ಮಾತ್ರ, ತಪಾಸಣೆ ಇನ್ನೊಂದು ಪಾಲು. ಬೋಲ್ಟಿಗೆ ಇಂಥದೇ ಉಕ್ಕು ಎಂದು ಗೊತ್ತುಮಾಡಿರುತ್ತಾರೆ. ನಳಿಗೆಯಲ್ಲೂ ಬೋಲ್ಟಿನಲ್ಲೂ ಸುಮಾರು 70,000 ಪಿಎಸ್‌ಐ ಒತ್ತಡದ, ಅಂದರೆ ಮಾಮೂಲಿಗಿಂತ ಬಹಳ ಬಿರುಸಿನ ತೋಟಾವನ್ನು ಹಾರಿಸುತ್ತಾರೆ. ಅನಂತರ ಕಾಂತಕ್ಷೇತ್ರದಲ್ಲಿಟ್ಟು ಕಬ್ಬಿಣದ ಸಣ್ಣ ಕಣಗಳನ್ನು ಹರಿಸಿ, ಕಣ್ಣಿಗೆ ಕಾಣದ ಬಿರುಕಿದ್ದರೆ ಅಲ್ಲಿ ಕಣಗಳು ಸಾಲುಗಟ್ಟುವುದನ್ನು ನೋಡುತ್ತಾರೆ. ನಾಗರಿಕ ಮಾರುಕಟ್ಟೆಯಲ್ಲಿ ಕೆಲವರು ಇದನ್ನೆಲ್ಲ ಪ್ರತಿಯೊಂದು ಬೋಲ್ಟಿಗೂ ಮಾಡುತ್ತಾರೆ, ಕೆಲವರು ಒಂದು ಕಂತಿನಲ್ಲಿ ಬೆರಳೆಣಿಕೆಯಷ್ಟನ್ನು ಆರಿಸಿ ಮಾಡುತ್ತಾರೆ, ಕೆಲವರು ಮಾಡುವುದೇ ಇಲ್ಲ. ಮೂವರ ಪೆಟ್ಟಿಗೆಯ ಮೇಲೂ ಅದೇ ಮುದ್ರೆ ಇರಬಹುದು, ಏಕೆಂದರೆ ಹಿಂಬದಿಯ ಬಫರ್ ಕೊಳವೆಯ ವ್ಯಾಸ ಸೇನೆಯ ಅಳತೆಗೆ ಹೊಂದಿದರೂ ಆ ಹೆಸರಿನಲ್ಲಿ ಮಾರುವ ರೂಢಿ ಇದೆ. ಕೊಳವೆಯ ವ್ಯಾಸ ತಿಳಿದರೆ ಭುಜಕ್ಕೊರಗಿಸುವ ಯಾವ ಬಟ್ಟು ಕೂರುತ್ತದೆಂದು ತಿಳಿಯುತ್ತದೆಯೇ ಹೊರತು ಬೋಲ್ಟಿನೊಳಗೆ ಬಿರುಕಿದೆಯೇ ಎಂದಲ್ಲ.

ಸೇನೆಯ ತಪಾಸಣೆಯನ್ನು ಹೀಗೆ ಎತ್ತಿಹಿಡಿಯುವಾಗ ಒಂದು ಗಟ್ಟಿ ಆಕ್ಷೇಪಕ್ಕೆ ಉತ್ತರ ಕೊಡಬೇಕು. ವಿಯೆಟ್ನಾಮಿನಲ್ಲಿ ಕೈಕೊಟ್ಟ ಎಂ-16 ಸೇನೆಯೇ ತಪಾಸಣೆ ಮಾಡಿ ಒಪ್ಪಿಕೊಂಡ ರೈಫಲ್ ಅಲ್ಲವೇ? ಹೌದು. ಆದರೆ ಅಮೆರಿಕದ ಸಂಸತ್ತಿನ ಇಕಾರ್ಡ್ ಉಪಸಮಿತಿ 1967ರಲ್ಲಿ ಹೊರಗೆಳೆದ ಸಂಗತಿಗಳು ಎಲ್ಲಿ ತಪ್ಪಾಯಿತೆಂದು ತೋರಿಸುತ್ತವೆ. ಮೊದಲು ರೈಫಲನ್ನು ರೂಪಿಸಿದ್ದು ಒಂದು ಬಗೆಯ ಮದ್ದಿಗೆ, ಸೈನಿಕರಿಗೆ ಕೊಟ್ಟ ತೋಟಾಗಳಲ್ಲಿ ತುಂಬಿದ್ದು ಇನ್ನೊಂದು ಬಗೆಯ ಮದ್ದು. ಹೊಸ ಮದ್ದಿನಿಂದ ಬೋಲ್ಟಿನ ವೇಗ ಏರಿತು, ಮಸಿಯೂ ಹೆಚ್ಚಾಯಿತು. ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಸ್ವಚ್ಛಗೊಳಿಸುವ ಸಾಮಾನು ಸಾಕಷ್ಟು ತಲುಪಲಿಲ್ಲ. ಇವೆಲ್ಲಕ್ಕಿಂತ ಕೆಟ್ಟದ್ದು, ಹೊಸ ಮದ್ದಿನಲ್ಲಿ ತನ್ನ ರೈಫಲ್‌ಗಳು ಸ್ವೀಕಾರ ಪರೀಕ್ಷೆ ದಾಟಲಾರವೆಂದ ಕೋಲ್ಟ್ ಕಂಪನಿಗೆ ಬೇರೆ ಮದ್ದಿನ ತೋಟಾ ಬಳಸಿ ಪರೀಕ್ಷೆ ಮುಗಿಸಲು ಅನುಮತಿ ಸಿಕ್ಕಿತು. ಕಾರ್ಖಾನೆಯಲ್ಲಿ ಒಂದು ತೋಟಾ, ಕಾಡಿನ ಕದನದಲ್ಲಿ ಇನ್ನೊಂದು. ಸಿಕ್ಕಿಕೊಂಡ ರೈಫಲ್ ಹಿಡಿದು ಸತ್ತ ಸೈನಿಕರು ಈ ಅನುಮತಿಯ ಬೆಲೆ ತೆತ್ತರು. ನಮ್ಮ ಸೇನೆಯ ಇನ್ಸಾಸ್ ರೈಫಲಿನ ವಿಷಯದಲ್ಲೂ ಸರ್ಕಾರಿ ಕಾರ್ಖಾನೆ, ಸರ್ಕಾರಿ ತಪಾಸಣೆ ಎರಡೂ ಇದ್ದವು. ಆದರೂ 1999ರ ಕಾರ್ಗಿಲ್ ಯುದ್ಧದ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್‌ಗಳು ಬಿರುಕುಬಿಟ್ಟ ದೂರುಗಳು ವರದಿಯಾದವು. ಈ ಎರಡು ಉದಾಹರಣೆಗಳು ನನ್ನ ವಾದವನ್ನು ಬಿಗಿಗೊಳಿಸುತ್ತವೆ ಎಂದೇ ನನ್ನ ಅಭಿಪ್ರಾಯ. ತಪಾಸಣೆ ನಡೆಯಿತೆಂಬ ಮಾತಷ್ಟೇ ಸಾಲದು, ಯಾವ ತೋಟಾದಿಂದ, ಯಾವ ಮ್ಯಾಗಜೀನಿನಿಂದ, ಯಾವ ಹವೆಯಲ್ಲಿ ನಡೆಯಿತೆಂದು ಕೊಳ್ಳುವವರಿಗೆ ಕಾಣಬೇಕು.

ಇಂದಿನ ಗಣಕಚಾಲಿತ ಯಂತ್ರಗಳಿಂದ ಅಗ್ಗದ ರೈಫಲ್ ಕೂಡ ನಿಖರವಾಗಿ ಬರುತ್ತದೆ, ಹೆಚ್ಚಿನ ಬೆಲೆ ಹೆಸರಿಗೆ ಮಾತ್ರ ಎನ್ನುವವರಿದ್ದಾರೆ. ಅಲ್ಯೂಮಿನಿಯಂ ದೇಹದ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ ಬೋಲ್ಟಿನ ಉಕ್ಕನ್ನು ಕಾಯಿಸಿ ತಣಿಸಿದ ಬಗೆಯನ್ನಾಗಲಿ ಸ್ಕ್ರೂ ಕೂರಿಸಿದ ಶ್ರದ್ಧೆಯನ್ನಾಗಲಿ ಆ ಯಂತ್ರ ನೋಡಿಕೊಳ್ಳುವುದಿಲ್ಲ. ಆಜೀವ ವಾರಂಟಿ ಇದೆಯಲ್ಲ ಎಂಬುದು ಇನ್ನೊಂದು ಸಮಾಧಾನ. ವಾರಾಂತ್ಯದಲ್ಲಿ ಗುರಿಯ ಹಲಗೆಗೆ ಹೊಡೆಯುವವರಿಗೆ ಅದು ಸಾಕು. ಟೆಕ್ಸಾಸಿನ ಹೊಲಗಳಲ್ಲಿ ಕಾಡುಹಂದಿಗಳ ಹಿಂಡನ್ನು ಎದುರಿಸುವ ರೈತನಿಗೋ ಮನೆಯ ರಕ್ಷಣೆಗೆಂದು ಕೊಂಡವರಿಗೋ, ರೈಫಲ್ ಕೈಕೊಟ್ಟ ಮೇಲೆ ಕಂಪನಿ ಬದಲಿ ಕೊಡುತ್ತದೆಂಬುದರಿಂದ ಆ ಗಳಿಗೆಯಲ್ಲಿ ಏನೂ ಪ್ರಯೋಜನವಿಲ್ಲ. ಅದೂ ಅಲ್ಲದೆ ಹಾರಬೇಕಾದಾಗ ಹಾರದಿರುವುದು ಒಂದು ವೈಫಲ್ಯ, ಹಾರಬಾರದಾಗ ಹಾರುವುದು ಇನ್ನೊಂದು. ಎರಡನೆಯದಕ್ಕೆ ಯಾವ ವಾರಂಟಿಯೂ ಪರಿಹಾರವಲ್ಲ.

ಕೆಟ್ಟ ಸರಕನ್ನು ಮಾರುಕಟ್ಟೆಯೇ ಹೊರಹಾಕುತ್ತದೆ ಎಂಬ ವಾದವೇ ಎಲ್ಲಕ್ಕಿಂತ ಪ್ರಬಲವಾದದ್ದು, ನಾನು ಒಪ್ಪಲಾರದ್ದೂ ಅದೇ. ಅಮೆರಿಕದ 1972ರ ಗ್ರಾಹಕ ಉತ್ಪನ್ನ ಸುರಕ್ಷತಾ ಕಾಯ್ದೆ ಬಂದೂಕುಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆಟಿಕೆಯನ್ನೋ ಟೋಸ್ಟರನ್ನೋ ವಾಪಸು ಪಡೆಯಿರಿ ಎಂದು ಆ ಕಾಯ್ದೆಯಡಿ ಕಂಪನಿಗೆ ಆದೇಶಿಸಬಲ್ಲ ಸುರಕ್ಷತಾ ಆಯೋಗ, ದೋಷವಿರುವ ರೈಫಲ್ ಬಗ್ಗೆ ಹಾಗೆ ಹೇಳುವಂತಿಲ್ಲ. ವಾಪಸಾತಿ ಕಂಪನಿಯ ಇಚ್ಛೆ, ಇಲ್ಲವೇ ನ್ಯಾಯಾಲಯದ ಒತ್ತಡ. ಸೆಮಿ-ಆಟೋಮ್ಯಾಟಿಕ್ ಅಲ್ಲದಿದ್ದರೂ ರೆಮಿಂಗ್ಟನ್ 700 ರೈಫಲಿನ ನಿದರ್ಶನ ಇಲ್ಲಿ ಮುಖ್ಯ. ಅದರ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಜೋಡಿಸುವಾಗ ಅಂಟುದ್ರವ್ಯ ಹೆಚ್ಚಾಗಿ, ಕೆಲವು ಸಂದರ್ಭಗಳಲ್ಲಿ ಗುಂಡು ತಾನಾಗಿ ಹಾರುವ ಅಪಾಯವಿದೆಯೆಂದು ಕಂಪನಿ 2014ರ ಏಪ್ರಿಲ್‌ನಲ್ಲಿ ವಾಪಸಾತಿ ಘೋಷಿಸಿತು. ಅದು 2006ರ ಮೇ ತಿಂಗಳಿಂದ ತಯಾರಾದ ರೈಫಲ್‌ಗಳಿಗೆ ಅನ್ವಯಿಸಿತು. ಸುಮಾರು ಎಂಟು ವರ್ಷಗಳ ಉತ್ಪಾದನೆ, ಅದೂ ಅಮೆರಿಕದಲ್ಲಿ ಮನೆಮಾತಾದ ಹೆಸರಿನಡಿ! ಮಾರುಕಟ್ಟೆ ಅಷ್ಟು ಕಾಲ ಏನನ್ನೂ ಹೊರಹಾಕಲಿಲ್ಲ.

ಬ್ರಿಟನ್, ಜರ್ಮನಿ, ಇಟಲಿ, ಬೆಲ್ಜಿಯಂಗಳಲ್ಲಿ ಯಾವ ಬಂದೂಕೂ ಅಧಿಕೃತ ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಮುದ್ರೆ ಒತ್ತಿಸಿಕೊಳ್ಳದೆ ಮಾರಾಟಕ್ಕೆ ಬರುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಇಂಥ ಸಂಸ್ಥೆ 1813ರಿಂದ ಇದೆ. ಅಮೆರಿಕದಲ್ಲಿ ಮಾನದಂಡ ರೂಪಿಸುವ ಸಾಮಿ ಎಂಬ ಸಂಸ್ಥೆ ತಯಾರಕರದೇ ಒಕ್ಕೂಟ, ಅದರ ಪಾಲನೆ ಸ್ವಯಂಪ್ರೇರಿತ. ಯುರೋಪಿನ ಮುದ್ರೆ ಒತ್ತಡ ತಾಳುವ ಬಲವನ್ನು ಹೇಳುತ್ತದೆ, ಸಾವಿರ ಗುಂಡು ಎಡವದೆ ಹಾರುತ್ತದೆಯೇ ಎಂಬುದನ್ನು ಹೇಳುವುದಿಲ್ಲ ಎಂಬ ಮಿತಿಯನ್ನು ಒಪ್ಪುತ್ತೇನೆ. ಆದರೂ ಮಾರುವವನಲ್ಲದ ಮೂರನೆಯವರು ಪ್ರತಿಯೊಂದು ಬಂದೂಕನ್ನೂ ನೋಡಿದ್ದಾರೆ ಎಂಬ ಒಂದು ಖಾತರಿ ಅದರಲ್ಲಿದೆ. ಅಮೆರಿಕದ ಕೊಳ್ಳುಗನಿಗೆ ಅದೂ ಇಲ್ಲದಿರುವಾಗ ಕನಿಷ್ಠ ಒಂದು ಹಾಳೆಯನ್ನಾದರೂ ಅವನು ಕೇಳಬೇಕು, ಕಾನೂನು ಅದನ್ನು ಕಡ್ಡಾಯ ಮಾಡಬೇಕು: ರೈಫಲಿನ ಕ್ರಮಸಂಖ್ಯೆ, ಅದರ ಬೋಲ್ಟನ್ನೂ ನಳಿಗೆಯನ್ನೂ ಬಿಡಿಯಾಗಿ ಪರೀಕ್ಷಿಸಿದರೇ ಇಲ್ಲವೇ ಎಂಬ ಉತ್ತರ, ಅನಿಲರಂಧ್ರದ ವ್ಯಾಸ, ಪರೀಕ್ಷೆಯಲ್ಲಿ ಹಾರಿಸಿದ ತೋಟಾದ ಹೆಸರು. ಕಂತಿನ ಸಂಖ್ಯೆಯನ್ನು ತೋಟಾದ ಪೆಟ್ಟಿಗೆಯ ಮೇಲೆ ತಯಾರಕರು ಈಗಾಗಲೇ ಅಚ್ಚು ಹಾಕುತ್ತಾರೆ. ರೈಫಲಿನ ಮೇಲೂ ಕ್ರಮಸಂಖ್ಯೆ ಕೆತ್ತುತ್ತಾರೆ. ತಪಾಸಣೆ ನಿಜಕ್ಕೂ ನಡೆದಿರುವ ಕಾರ್ಖಾನೆಯಲ್ಲಿ ಆ ಸಂಖ್ಯೆಯ ಎದುರಿಗೆ ಈ ನಾಲ್ಕು ಸಾಲು ಬರೆದಿಟ್ಟೇ ಇರುತ್ತಾರೆ, ಅದರ ಒಂದು ಪ್ರತಿಯನ್ನು ಪೆಟ್ಟಿಗೆಯೊಳಗೆ ಇಡಲು ತಗಲುವ ಖರ್ಚು ಒಂದು ತೋಟಾದ ಬೆಲೆಯನ್ನೂ ಮುಟ್ಟುವುದಿಲ್ಲ.